ಗಾಡಿಯಲ್ಲೇ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾನೂ ನಮ್ಮ ಯಜಮಾನರೂ ನಿವೃತ್ತಿಯ ನಂತರ ಮೋಟರ್‌ಹೋಮ್‌ನಲ್ಲಿ (ಹಾಸಿಗೆ, ಅಡುಗೆ ಕಟ್ಟೆ ಒಳಗೇ ಇರುವ ಗಾಡಿ) ತಿರುಗಾಡುವ ವಿಷಯ ಈ ಪತ್ರಿಕೆಯಲ್ಲಿ ಬಂದ ಮೇಲೆ ಪುಣೆ, ಮುಂಬಯಿ, ಗೋವಾ ಕಡೆಯ ಕನ್ನಡಿಗರು ತುಂಬ ಪತ್ರ ಬರೆದಿದ್ದೀರಿ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಜಾಸ್ತಿ ಜನ ಕೇಳಿದ್ದನ್ನು ಆರಿಸಿದ್ದೇನೆ. ನಾವು ಮೂಲ ಧಾರವಾಡದವರು, ಪುಣೆಯಲ್ಲಿ ನೌಕರಿ ಮುಗಿಸಿ ಇಲ್ಲೇ ನೆಲೆ ನಿಂತಿದ್ದೇವೆ. ನನಗೆ ಕಸೂತಿಯ ಹುಚ್ಚು. ಅವರಿಗೆ ಹಕ್ಕಿ, ಮತ್ತೆ ಹಳೆಯ ಕನ್ನಡ ಶಾಸನಗಳು. ಗಾಡಿ ಎಲ್ಲಿಗೆ ಹೋಗಬೇಕು, ಎಷ್ಟು ದಿನ ನಿಲ್ಲಬೇಕು ಅನ್ನುವುದು ಈ ಮೂರರ ಮೇಲೇ ನಿಂತಿರುವುದರಿಂದ ಉತ್ತರಗಳಲ್ಲೂ ಅವೇ ಬರುತ್ತಿರುತ್ತವೆ.

ಪ್ರಶ್ನೆ: ಅಕ್ಕಾ, ನನಗೆ 61, ಮನೆಯವಳಿಗೆ 58. ಒಂದು ಹಳೇ ಟೆಂಪೊ ಟ್ರಾವೆಲರ್ ತಗೊಂಡು, ಪರಿಚಯದ ಗ್ಯಾರೇಜಿನಲ್ಲಿ ಒಳಗೆ ಹಾಸಿಗೆ, ಅಡುಗೆ ಕಟ್ಟೆ ಮಾಡಿಸಿಕೊಳ್ಳಬೇಕು ಅಂತಿದ್ದೇನೆ. ಖರ್ಚು ಕಮ್ಮಿ ಆಗುತ್ತೆ. ಏನಂತೀರಿ? (ಓದುಗರು, ವಾಶಿ)

ಈಗಲೇ ಬೇಡ. ಮೊದಲು ಬಾಡಿಗೆಗೆ ಒಂದು ಗಾಡಿ ತಗೊಂಡು ಒಂದು ವಾರ ಇಬ್ಬರೂ ಅದರಲ್ಲಿ ಇದ್ದು ನೋಡಿ. ಎರಡು ರಾತ್ರಿ ಸಾಲದು. ಎರಡು ರಾತ್ರಿ ಎಲ್ಲವೂ ಚಂದ ಕಾಣುತ್ತೆ. ನಾಲ್ಕನೇ ದಿನ ಒದ್ದೆ ಟವೆಲ್ ಎಲ್ಲಿ ಹಾಕೋದು, ರಾತ್ರಿ ಎರಡು ಗಂಟೆಗೆ ಎದ್ದವರು ಮಲಗಿದವರನ್ನು ಹೇಗೆ ದಾಟೋದು, ಮಂಡಿ ನೋವಿದ್ದವರು ಆ ಎತ್ತರದ ಮೆಟ್ಟಿಲು ದಿನಕ್ಕೆ ಎಷ್ಟು ಸಲ ಹತ್ತೋದು, ಇವೆಲ್ಲ ಗೊತ್ತಾಗುತ್ತೆ. ನಿಮಗೆ ಎಂಥಾ ಗಾಡಿ ಬೇಕು ಅನ್ನುವುದು ಆವಾಗ ತಾನಾಗಿ ಸ್ಪಷ್ಟವಾಗುತ್ತೆ.

ಇನ್ನು ಗ್ಯಾರೇಜಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿಯಿಂದ ಬಂದ ಗಾಡಿಯ ಮೂಲ ರಚನೆಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಾಖಂಡಿತವಾಗಿ ಹೇಳಿದೆ. ಮೋಟರ್ ಕ್ಯಾರವಾನ್‌ಗೆ ಎಐಎಸ್-124 ಅಂತ ಬೇರೆಯೇ ಮಾನದಂಡ ಇದೆ, ಮೋಟರ್‌ಹೋಮ್‌ಗೆ ಕಾಗದದಲ್ಲಿರುವ ಹೆಸರು ಮೋಟರ್ ಕ್ಯಾರವಾನ್. ಒಳಗಿನ ಹಾಸಿಗೆ, ಸೀಟು, ಗ್ಯಾಸು, ಕರೆಂಟಿನ ವೈರಿಂಗ್, ತುರ್ತು ಬಾಗಿಲು ಎಲ್ಲ ಒಂದು ಲೆಕ್ಕದಲ್ಲಿ ಇರಬೇಕು. ಇಂಥ ಗಾಡಿಗಳನ್ನು ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆ ನಮ್ಮ ಪುಣೆಯಲ್ಲೇ, ಕೋಥರೂಡದ ಗುಡ್ಡದ ಮೇಲಿದೆ. ಆದ್ದರಿಂದ ಮಾಡಿಕೊಡುವವರ ಹತ್ತಿರ ಮೊದಲು ಕೇಳಬೇಕಾದ್ದು ಅನುಮತಿಯ ಕಾಗದ. ಆರ್‌ಸಿ ಪುಸ್ತಕದಲ್ಲಿ ಮೋಟರ್ ಕ್ಯಾರವಾನ್ ಅಂತಲೇ ನಮೂದಾಗುತ್ತಾ ಅಂತ ಬಾಯಿಬಿಟ್ಟು ಕೇಳಿ. "ಅದೆಲ್ಲ ನಡೆಯುತ್ತೆ ಸಾರ್" ಅಂದರೆ ಎದ್ದು ಬನ್ನಿ. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಬಹುದು. ಪಿಎಫ್ ದುಡ್ಡಿನಲ್ಲಿ ಅಂಥ ಜೂಜು ಬೇಡ.

ಪ್ರಶ್ನೆ: ನಮ್ಮವರ ಹತ್ತಿರ ಕಾರಿನ ಲೈಸೆನ್ಸ್ ಇದೆ, ವಯಸ್ಸು 66. ಅಷ್ಟು ದೊಡ್ಡ ಗಾಡಿ ಓಡಿಸಲು ಬೇರೆ ಲೈಸೆನ್ಸ್ ಬೇಕಾ? (ಓದುಗರು, ಚಿಂಚವಡ)

ಗಾಡಿಯ ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಎಲ್‌ಎಂವಿ (ಕಾರಿನ) ಲೈಸೆನ್ಸೇ ಸಾಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಇದೇ ಮಿತಿಯನ್ನು ಎತ್ತಿ ಹಿಡಿದಿದೆ. ಟ್ರಾವೆಲರ್ ಅಳತೆಯ ಗಾಡಿಗಳು ಈ ಮಿತಿಯ ಒಳಗೇ ಬರುತ್ತವೆ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗುತ್ತೆ, ಜೊತೆಗೆ ನಮೂನೆ 1ಎ ಮೇಲೆ ಡಾಕ್ಟರ ಸರ್ಟಿಫಿಕೇಟು ಬೇಕು. ಅವಧಿ ಮುಗಿದು ಒಂದು ವರ್ಷ ದಾಟಿತೆಂದರೆ ಮತ್ತೆ ಡ್ರೈವಿಂಗ್ ಪರೀಕ್ಷೆ ಕೊಡಬೇಕಾಗುತ್ತೆ. ಇವತ್ತೇ ತೆಗೆದು ತಾರೀಖು ನೋಡಿ.

ಕಾನೂನು ಬಿಟ್ಟು ಇನ್ನೊಂದು ಮಾತು. ನಮ್ಮ ವಯಸ್ಸಿನಲ್ಲಿ ಕಣ್ಣಿನ ಪೊರೆ ಬಂದಿದ್ದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಸಂಜೆ ಎದುರಿನ ಗಾಡಿಯ ಲೈಟು ಒಡೆದು ಚದುರಿದ ಹಾಗೆ ಕಂಡರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾವಂತೂ ಕತ್ತಲಾದ ಮೇಲೆ ಗಾಡಿ ಓಡಿಸುವುದೇ ಇಲ್ಲ. ನಾಲ್ಕು ಗಂಟೆಗೆ ನಿಲ್ಲುವ ಜಾಗ ಹುಡುಕುತ್ತೇವೆ, ಐದಕ್ಕೆ ಚಹಾ ಒಲೆಯ ಮೇಲಿರುತ್ತೆ. ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಮೂರು ಟನ್ನಿನ ಗಾಡಿಯನ್ನು ಬರೀ ಬ್ರೇಕಿನ ಮೇಲೆ ಇಳಿಸಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತೆ. ಹತ್ತುವ ಗಾಡಿಗೆ ದಾರಿ ಬಿಡುವುದು ನಿಯಮ, ಅದನ್ನೂ ಮರೆಯಬೇಡಿ.

ಪ್ರಶ್ನೆ: ಕೇಳೋಕೆ ಸಂಕೋಚ. ಟಾಯ್ಲೆಟ್ ಹೇಗೆ? ತೊಳೆಯೋದು ಯಾರು? (ಓದುಗರು, ಕಾಂದಿವಲಿ. ಇದೇ ಪ್ರಶ್ನೆ ಇನ್ನೂ ಹಲವು ಹೆಣ್ಣುಮಕ್ಕಳದ್ದು)

ಸಂಕೋಚ ಯಾಕೆ, ಹೊರಡೋ ಮೊದಲು ನಾನು ಕೇಳಿದ ಮೊದಲನೇ ಪ್ರಶ್ನೆಯೂ ಇದೇ.

ನಮ್ಮ ಗಾಡಿಯಲ್ಲಿರುವುದು ಕ್ಯಾಸೆಟ್ ಟಾಯ್ಲೆಟ್. ಕಮೋಡಿನ ಕೆಳಗೆ ಸುಮಾರು 18 ಲೀಟರಿನ ಒಂದು ಡಬ್ಬಿ. ಗಾಡಿಯ ಹೊರಗಿನಿಂದ ಸಣ್ಣ ಬಾಗಿಲು ತೆರೆದರೆ ಡಬ್ಬಿ ಸೂಟ್‌ಕೇಸಿನ ಥರ ಹೊರಗೆ ಬರುತ್ತೆ. ಮುಚ್ಚಳ ಭದ್ರ, ವಾಸನೆ ಬರುವುದಿಲ್ಲ. ವಾಸನೆ ತಡೆಯುವ ದ್ರಾವಣ ಸ್ವಲ್ಪ ಹಾಕಿಡಬೇಕು. ಇಬ್ಬರಿಗೆ ಎರಡು ಮೂರು ದಿನ ಬರುತ್ತೆ. ಆಮೇಲೆ ಅದನ್ನು ಯಾವುದಾದರೂ ಸರಿಯಾದ ಶೌಚಾಲಯದ ಕಮೋಡಿಗೆ ಸುರಿದು, ನೀರು ಬಿಟ್ಟು ತೊಳೆಯಬೇಕು. ನಾವು ಇಳಿಯುವ ರೆಸಾರ್ಟು, ತೋಟದ ಮನೆ, ದೇವಸ್ಥಾನದ ಭಕ್ತನಿವಾಸಗಳಲ್ಲಿ ಮೊದಲೇ ಹೇಳಿ, ದುಡ್ಡು ಕೊಟ್ಟು, ನಾವೇ ತೊಳೆಯುತ್ತೇವೆ. ಅಲ್ಲಿ ಕೆಲಸಕ್ಕಿರುವ ಹೆಣ್ಣುಮಕ್ಕಳ ಕೈಯಲ್ಲಿ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಸರದಿ ಇದೆ, ಒಂದು ಸಲ ಅವರು, ಒಂದು ಸಲ ನಾನು.

ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ ಬೇರೆ ಟ್ಯಾಂಕ್ ಇರುತ್ತೆ. ಅದರ ನಲ್ಲಿಯನ್ನು ಹೊಳೆದಂಡೆಯಲ್ಲಿ, ಸಮುದ್ರದ ಮರಳಿನಲ್ಲಿ ಯಾವ ಕಾರಣಕ್ಕೂ ಬಿಡಬೇಡಿ. ಸೋಪಿನ ನೀರು ಬಿಟ್ಟು ಹೋದ ಜಾಗಕ್ಕೆ ಮುಂದಿನ ಸಲ ನಮ್ಮಂಥವರನ್ನು ಊರಿನವರು ಸೇರಿಸುವುದಿಲ್ಲ. ಸೇರಿಸಲೂಬಾರದು. ಒಳ್ಳೇ ನೀರಿನ ಟ್ಯಾಂಕು 100 ಲೀಟರ್ ಇದ್ದರೆ ಅದರದ್ದೇ 100 ಕಿಲೋ ಭಾರ, ಹಾಗಾಗಿ ತುಂಬಿಸಿಕೊಂಡು ಘಾಟಿ ಹತ್ತಬೇಡಿ, ಮೇಲೆ ಹೋಗಿ ತುಂಬಿಸಿಕೊಳ್ಳಿ. ಶವರ್ ನಿಮಿಷಕ್ಕೆ ಆರೇಳು ಲೀಟರ್ ಸುರಿಯುತ್ತೆ. ಅರ್ಧ ಬಕೆಟ್ ನೀರು, ಒಂದು ತಂಬಿಗೆ. ನಮ್ಮ ಕಡೆಯವರಿಗೆ ಇದನ್ನೇನು ಹೇಳಿಕೊಡಬೇಕಾಗಿಲ್ಲ, ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಬೆಳೆದವರು ನಾವು.

ಪ್ರಶ್ನೆ: ಎಸಿ ಇಲ್ಲದೆ ನನಗೆ ನಿದ್ದೆ ಬರಲ್ಲ. ಗಾಡಿಯ ಮೇಲೆ ಸೋಲಾರ್ ಹಾಕಿಸಿದರೆ ರಾತ್ರಿಯಿಡೀ ಎಸಿ ಓಡುತ್ತಾ? (ಓದುಗರು, ಠಾಣೆ)

ಓಡಲ್ಲ. ಲೆಕ್ಕ ಹೇಳ್ತೀನಿ, ನೀವೇ ನೋಡಿ. 12 ವೋಲ್ಟಿನ 200 ಆಂಪ್ಅವರ್ ಬ್ಯಾಟರಿ ಅಂದರೆ 2,400 ವ್ಯಾಟ್ ಅವರ್, ಅಂದರೆ ಹತ್ತಿರ ಹತ್ತಿರ ಎರಡೂವರೆ ಯೂನಿಟ್ಟು. ಒಂದು ಟನ್ನಿನ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತೆ. ಎರಡು ಗಂಟೆಗೆ ಬ್ಯಾಟರಿ ಖಾಲಿ. ಮೇಲಿನ 400 ವ್ಯಾಟ್ ಸೋಲಾರ್ ಒಳ್ಳೇ ಬಿಸಿಲಿನ ದಿನ ಒಂದೂವರೆ ಯೂನಿಟ್ ಕೊಟ್ಟರೆ ಹೆಚ್ಚು. ಅದರಲ್ಲಿ ಫ್ರಿಜ್ಜಿಗೇ ಅರ್ಧ ಯೂನಿಟ್ ಹೋಗುತ್ತೆ. ಅದೇ 30 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೂ ಕಾಲು ಯೂನಿಟ್ಟು. ಎಸಿ ಬೇಕೇ ಬೇಕು ಅಂದರೆ ಕರೆಂಟಿನ ಪ್ಲಗ್ ಕೊಡುವ ಜಾಗದಲ್ಲೇ ರಾತ್ರಿ ನಿಲ್ಲಬೇಕು. ಇಲ್ಲಾಂದ್ರೆ ನಮ್ಮ ಹಾಗೆ ಚಳಿಗಾಲದಲ್ಲಿ ಕರಾವಳಿಗೆ ಇಳಿಯಿರಿ, ಬೇಸಿಗೆಯಲ್ಲಿ ಗಾಡಿ ಹತ್ತಲೇಬೇಡಿ.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ, ದಯವಿಟ್ಟು ಗಮನ ಕೊಡಿ. ಎಸಿ ಆಸೆಗೆ ಎಂಜಿನ್ ಚಾಲೂ ಇಟ್ಟು ಅಥವಾ ಒಳಗೆ, ಪಕ್ಕದಲ್ಲಿ ಜನರೇಟರ್ ಹಚ್ಚಿ ಮಲಗಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಪಕ್ಕ ನಿಂತಿದ್ದ ಕ್ಯಾರವಾನಿನ ಒಳಗೆ ಇಬ್ಬರು ಸತ್ತು ಸಿಕ್ಕರು. ಜನರೇಟರಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಅದನ್ನು ಪತ್ತೆ ಮಾಡಿ ಕೂಗುವ ಅಲಾರಂ ಮಲಗುವ ಜಾಗದ ಹತ್ತಿರ ಇರಲೇಬೇಕು. ಒಲೆ ಉರಿಯುವಾಗ ಮೇಲಿನ ಕಿಂಡಿ ತೆರೆದಿರಬೇಕು, ಗಾಡಿ ಚಲಿಸುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು. ಬಾಡಿಗೆ ಗಾಡಿಯಾದರೂ ಅಷ್ಟೇ, ಅಲಾರಂ ಇಲ್ಲದಿದ್ದರೆ ನೀವೇ ಒಂದು ಕೊಂಡು ಜೊತೆಗೆ ಒಯ್ಯಿರಿ.

ಪ್ರಶ್ನೆ: ಒಂದು ಕಡೆ ನಾಲ್ಕೈದು ದಿನ ನಿಲ್ಲುತ್ತೇವೆ ಅಂತ ಬರೆದಿದ್ದೀರಿ. ನೋಡೋದು ಒಂದೇ ದಿನದಲ್ಲಿ ಮುಗಿಯುತ್ತಲ್ಲ, ಉಳಿದ ದಿನ ಏನು ಮಾಡ್ತೀರಿ? ಬೇಜಾರಾಗಲ್ವಾ? (ಓದುಗರು, ಡೊಂಬಿವಲಿ)

ನೀವು ಕೇಳಿದ್ದು ಒಳ್ಳೇದಾಯಿತು. ನಾವು ಮೋಟರ್‌ಹೋಮ್ ತಗೊಂಡಿದ್ದೇ ನಿಲ್ಲೋದಕ್ಕೆ. ದಿನಕ್ಕೆ ನಾಲ್ಕು ಊರು ನೋಡೋದಿದ್ದರೆ ಕಾರು ಮತ್ತು ಲಾಡ್ಜು ಸಾಕು, ಖರ್ಚೂ ಕಮ್ಮಿ.

ಭಿಗವಣದ ಉದಾಹರಣೆ ಕೊಡ್ತೀನಿ. ಪುಣೆಯಿಂದ ಸೊಲ್ಲಾಪುರ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ತೆಳ್ಳಗೆ ಹರಡಿಕೊಂಡಿದೆ. ಚಳಿಗಾಲದಲ್ಲಿ ರಾಜಹಂಸಗಳು (ಫ್ಲೆಮಿಂಗೊ) ಬರುತ್ತವೆ, ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಜನ ಶನಿವಾರ ಬೆಳಿಗ್ಗೆ ಬರುತ್ತಾರೆ, ದೋಣಿ ಹತ್ತುತ್ತಾರೆ, ರಾಜಹಂಸದ ಫೋಟೊ ಹೊಡೆದು, ಮೀನೂಟ ಮಾಡಿ, ಮಧ್ಯಾಹ್ನ ವಾಪಸು ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ ಕುಂಭಾರಗಾವ್ ದಂಡೆಯಲ್ಲಿ ನೀವೂ ದೋಣಿಯವರೂ ಬಿಟ್ಟರೆ ಯಾರೂ ಇರುವುದಿಲ್ಲ. ದೋಣಿಯವರು ಮೀನುಗಾರರು, ಹಕ್ಕಿಗಳ ಹೆಸರನ್ನು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಪಟಪಟ ಹೇಳುತ್ತಾರೆ. ಹಕ್ಕಿಗಳಿಗೆ ಹೆದರಿಕೆಯಾಗದ ದೂರದಲ್ಲಿ ಮೋಟರ್ ನಿಲ್ಲಿಸಿ, ಗಳ ಊರಿ ದೋಣಿ ತಳ್ಳುತ್ತಾರೆ. ರಾಜಹಂಸ ತಿನ್ನುವುದನ್ನು ಹತ್ತಿರದಿಂದ ನೋಡಿ. ತಲೆಯನ್ನು ಪೂರಾ ಉಲ್ಟಾ ಮಾಡಿ ಕೊಕ್ಕನ್ನು ನೀರಿನಲ್ಲಿ ಆಡಿಸುತ್ತೆ, ನಾಲಿಗೆಯಿಂದ ನೀರನ್ನು ಒಳಗೆ ಹೊರಗೆ ತಳ್ಳುತ್ತೆ, ಕೊಕ್ಕಿನ ಅಂಚಿನ ಜರಡಿಯಲ್ಲಿ ಪಾಚಿ, ಸಣ್ಣ ಹುಳ ಸಿಕ್ಕಿಕೊಳ್ಳುತ್ತವೆ. ಆ ಗುಲಾಬಿ ಬಣ್ಣ ಬರುವುದೂ ಆ ತಿಂಡಿಯಿಂದಲೇ. ಮರಿಗಳು ಬೂದು ಬಣ್ಣಕ್ಕಿರುತ್ತವೆ. ನಮ್ಮವರು ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕೂತು ಹಕ್ಕಿ ಎಣಿಸಿ ಪಟ್ಟಿಯನ್ನು ಅಂತರ್ಜಾಲ ತಾಣ ಇ-ಬರ್ಡ್‌ಗೆ ಹಾಕುತ್ತಾರೆ. ಹಾಗೆ ಹಾಕಿದ ಪಟ್ಟಿ ಹಕ್ಕಿಗಳ ಅಧ್ಯಯನ ಮಾಡುವವರಿಗೆ ಉಪಯೋಗಕ್ಕೆ ಬರುತ್ತೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ಎಲ್ಲೆಡೆ ಹಕ್ಕಿ ಎಣಿಕೆ ನಡೆಯುತ್ತೆ. ಹದಿನೈದು ನಿಮಿಷ ಕೂತರೂ ಸಾಕು, ಮನೆಯ ಬಾಲ್ಕನಿಯಿಂದಲೂ ಮಾಡಬಹುದು. ನಿಮ್ಮ ಡೊಂಬಿವಲಿಯಿಂದಲೇ ಶುರು ಮಾಡಿ.

ಅವರು ಹಕ್ಕಿಗೆ ಹೋದಾಗ ನಾನು ಗಾಡಿಯ ಬಾಗಿಲು ಸರಿಸಿ, ಮೆಟ್ಟಿಲ ಮೇಲೆ ಕಸೂತಿ ಹಿಡಿದು ಕೂರುತ್ತೇನೆ. ಕಸೂತಿಗೆ ಬೆಳಗಿನ ಓರೆ ಬೆಳಕೇ ಬೇಕು, ಯಾಕಂದ್ರೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಖಾಲಿ ಬಿಟ್ಟಿದ್ದನ್ನು ತುಂಬುತ್ತಾ ಹೊರಟ ಜಾಗಕ್ಕೇ ದಾರ ಬಂದು ಸೇರಬೇಕು. ಹೊರಡುವ ಮೊದಲೇ ವಾಪಸು ಬರುವ ದಾರಿ ಯೋಚಿಸಿಟ್ಟುಕೊಂಡಿರಬೇಕಾಗುತ್ತೆ. ನನ್ನ ಅಜ್ಜಿ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿ ಕಟ್ಟೆ ಹಾಕುತ್ತಿದ್ದರು. ನಾನು ಆ ತೇರಿನ ಪಕ್ಕ ರಾಜಹಂಸ ಹಾಕುತ್ತಿದ್ದೇನೆ. ಉದ್ದ ಕಾಲು, ಬಾಗಿದ ಕುತ್ತಿಗೆ ನೇರ ಗೆರೆಗಳಲ್ಲೇ ಬರಬೇಕು, ಅದು ಎಷ್ಟು ಖುಷಿ ಕೊಡೋ ಕೆಲಸ ಅಂತ ಹೇಳಿದರೆ ಗೊತ್ತಾಗಲ್ಲ. ಕುಂಭಾರಗಾವ್‌ನ ಹೆಂಗಸರು ಹತ್ತಿರ ಬಂದು ಕೂತು, ಬಟ್ಟೆ ತಿರುವಿ ಹಿಂಬದಿ ನೋಡುತ್ತಾರೆ. ಮಾತು ಶುರುವಾಗೋದಕ್ಕೆ ಅಷ್ಟು ಸಾಕು.

ಶಾಸನದ ವಿಷಯ ಬರೆಯದಿದ್ದರೆ ನಮ್ಮವರು ಸುಮ್ಮನಿರುವುದಿಲ್ಲ. ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳಲ್ಲಿ ಕನ್ನಡ ಶಾಸನಗಳು ಊರೂರಲ್ಲಿ ಸಿಗುತ್ತವೆ. ಚಾಲುಕ್ಯರು, ಶಿಲಾಹಾರರು, ಯಾದವರು ಆಳಿದ ಕಾಲದ ಕಲ್ಲುಗಳು. ಕೃಷ್ಣಾ ತೀರದ ಖಿದ್ರಾಪುರದ ಕೋಪೇಶ್ವರ ದೇವಸ್ಥಾನಕ್ಕೆ ಒಮ್ಮೆ ಹೋಗಿ ಬನ್ನಿ, ನರಸೋಬನ ವಾಡಿಗೆ ಹೋದವರಿಗೆ ಪಕ್ಕದಲ್ಲೇ. ಶಿಲಾಹಾರರು 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಸ್ವರ್ಗಮಂಟಪದ ಮಾಡಿನಲ್ಲಿ ದುಂಡಗೆ ಆಕಾಶ ಕಾಣುತ್ತೆ, ಕೆಳಗೆ ನೆಲದಲ್ಲಿ ಅದಕ್ಕೆ ಸರಿಯಾಗಿ ದುಂಡನೆಯ ಕಲ್ಲು. ಸುತ್ತ 48 ಕಂಬ. ಅಲ್ಲಿ ಕನ್ನಡ ಶಾಸನಗಳೂ ಇವೆ. ಸೊಲ್ಲಾಪುರ ಕಡೆ ಹೋದರೆ ಭೀಮಾ-ಸೀನಾ ಕೂಡುವ ಹತ್ತರಸಂಗ ಕೂಡಲ ಬಿಡಬೇಡಿ. ಮೈತುಂಬ ಸಣ್ಣ ಸಣ್ಣ ಶಿವಮುಖ ಕೆತ್ತಿದ ಲಿಂಗ ಅಲ್ಲಿದೆ, 1018ರ ಮರಾಠಿ ಶಾಸನವೂ ಅಲ್ಲೇ ಇದೆ.

ಶಾಸನ ಓದಲು ಒಂದು ಉಪಾಯ ಹೇಳ್ತೀನಿ, ಇದು ನಮ್ಮವರು ಕಲಿಸಿದ್ದು. ನಡು ಮಧ್ಯಾಹ್ನ ಕಲ್ಲಿನ ಮೇಲೆ ಏನೂ ಕಾಣುವುದಿಲ್ಲ, ಸವೆದ ಕಲ್ಲು ಅಷ್ಟೇ. ಸಂಜೆ ಹೋಗಿ, ಟಾರ್ಚನ್ನು ಕಲ್ಲಿಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಒಂದೊಂದು ಅಕ್ಷರದ ಗುಂಡಿಯಲ್ಲೂ ನೆರಳು ನಿಂತು, "ಸ್ವಸ್ತಿ" ಅಂತ ಮೊದಲ ಸಾಲು ಎದ್ದು ಬರುತ್ತೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು-ಕರು. ಆಗ ಬದಿಯಿಂದಲೇ ಫೋಟೊ ತೆಗೆಯಿರಿ. ಸೀಮೆಸುಣ್ಣ, ಹಿಟ್ಟು, ಎಣ್ಣೆ ಮಾತ್ರ ಹಚ್ಚಲೇಬೇಡಿ. ಒಂಬೈನೂರು ವರ್ಷ ಮಳೆ ಬಿಸಿಲು ತಡೆದ ಕಲ್ಲನ್ನು ನಮ್ಮ ಆಸೆಗೆ ಕೆಡಿಸಬಾರದು. ಈ ಕೆಲಸಕ್ಕೆ ಸಂಜೆ ಅಲ್ಲಿರಲೇಬೇಕು, ಮತ್ತು ಮೊದಲ ಸಂಜೆ ಬರೀ ಕಲ್ಲು ಹುಡುಕುವುದರಲ್ಲೇ ಹೋಗುತ್ತೆ. ನಾಲ್ಕೈದು ದಿನ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ವಾ?

ಪ್ರಶ್ನೆ: ಇಬ್ಬರೇ ಅಷ್ಟು ಚಿಕ್ಕ ಜಾಗದಲ್ಲಿ. ಜಗಳ ಆಗಲ್ವಾ? (ಓದುಗರು, ಹಡಪಸರ)

ಆಗುತ್ತೆ. ಜಾಸ್ತಿ ಆಗೋದು ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ. ನಾನು ಕೆಳಗಿಳಿದು ಕೈ ಮಾಡಬೇಕು, ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಬೇಕು, ನಾನು ಕಾಣದಿದ್ದರೆ ಗಾಡಿ ನಿಲ್ಲಬೇಕು. ಕೂಗಾಟ ಇಲ್ಲ, ಬರೀ ಕೈ ಸನ್ನೆ. ಈ ನಿಯಮ ಮಾಡಿಕೊಂಡ ಮೇಲೆ ಅರ್ಧ ಜಗಳ ನಿಂತಿದೆ. ಇನ್ನರ್ಧಕ್ಕೆ, ದಿನದಲ್ಲಿ ಎರಡು ಮೂರು ಗಂಟೆ ಇಬ್ಬರೂ ಬೇರೆ ಬೇರೆ ಇರುತ್ತೇವೆ. ನನಗೆ ಸೂಜಿ, ಅವರಿಗೆ ಬೈನಾಕ್ಯುಲರ್. ಸಂಜೆ ಒಬ್ಬರಿಗೊಬ್ಬರು ಹೇಳಲು ಏನಾದರೂ ಹೊಸದು ಇರುತ್ತೆ.

ಪ್ರಶ್ನೆ: ಪುಣೆಯಿಂದ ಗೋವಾ, ಅಲ್ಲಿಂದ ಕಾರವಾರದ ನಮ್ಮ ಊರಿಗೆ ನಿಧಾನವಾಗಿ ಹೋಗುವ ದಾರಿ ಹೇಳಿ. ಬೀಚಿನ ಮೇಲೇ ಗಾಡಿ ನಿಲ್ಲಿಸಿ ಮಲಗಬಹುದಾ? (ಓದುಗರು, ಪಿಂಪಳೆ ಸೌದಾಗರ)

ಅವಸರ ಇಲ್ಲದಿದ್ದರೆ 66ನೇ ಹೆದ್ದಾರಿ ಬಿಟ್ಟು ಸಮುದ್ರದ ಅಂಚಿನ ದಾರಿ ಹಿಡಿಯಿರಿ. ತಾಮ್ಹಿಣಿ ಘಾಟಿ ಇಳಿದು ಮಾಣಗಾವ್, ಅಲ್ಲಿಂದ ಹರಿಹರೇಶ್ವರ. ಬಾಗಮಾಂಡಲಾದಲ್ಲಿ ಗಾಡಿ ಸಮೇತ ಫೆರ್ರಿ ಹತ್ತಿ ಬಾಣಕೋಟ ಖಾರಿ (ಅಳಿವೆ) ದಾಟಿದರೆ ವೇಶ್ವಿ. ಮುಂದೆ ವೇಳಾಸ್, ಕೇಳಶಿ, ಆಂಜರ್ಲೆ, ದಾಪೋಲಿ. ದಾಭೋಳದಲ್ಲಿ ಇನ್ನೊಂದು ಫೆರ್ರಿ, ಆಚೆ ದಡದಲ್ಲಿ ಧೋಪಾವೆ, ಗುಹಾಗರ. ತವಸಾಳದಿಂದ ಜಯಗಡಕ್ಕೆ ಮತ್ತೊಂದು. ಅಲ್ಲಿಂದ ಗಣಪತಿಪುಳೆ, ರತ್ನಾಗಿರಿ, ವಿಜಯದುರ್ಗ, ಮಾಲವಣ, ಸಾವಂತವಾಡಿ. ಫೆರ್ರಿ ಹತ್ತುವ ಮೊದಲು ಗಾಡಿಯ ಉದ್ದ, ಎತ್ತರ ಹೇಳಿ ಕೇಳಿ. ನೀರು ಇಳಿದಾಗ ಇಳಿಜಾರು ಜಾಸ್ತಿಯಾಗಿ ಹಿಂಭಾಗ ನೆಲಕ್ಕೆ ತಾಗುತ್ತೆ, ಭರತದ ಹೊತ್ತು ನೋಡಿ ಹೋಗೋದು ವಾಸಿ. ಕೊಂಕಣದ ಹಳ್ಳಿ ರಸ್ತೆಗಳಲ್ಲಿ ಹಲಸು, ಮಾವಿನ ಕೊಂಬೆ ರಸ್ತೆ ಮೇಲೇ ಬಾಗಿರುತ್ತವೆ. ಮೇಲಿನ ಸೋಲಾರ್ ಸೇರಿಸಿ ಗಾಡಿಯ ಎತ್ತರ ಎಷ್ಟು ಅನ್ನುವುದನ್ನು ಬರೆದು ಸ್ಟೀರಿಂಗಿನ ಎದುರು ಅಂಟಿಸಿಕೊಳ್ಳಿ. ರೈಲು ಹಳಿಯ ಕೆಳಗಿನ ದಾರಿಗಳಲ್ಲಿ ಅದು ಬೇಕಾಗುತ್ತೆ. ಮಳೆಗಾಲದಲ್ಲಿ ಈ ದಾರಿ ಬೇಡ, ಘಾಟಿಗಳಲ್ಲಿ ಗುಡ್ಡ ಕುಸಿಯುತ್ತೆ.

ವೇಳಾಸ್‌ನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಇದ್ದರೆ ಆಲಿವ್ ರಿಡ್ಲಿ ಕಡಲಾಮೆಯ ಮರಿಗಳು ಸಮುದ್ರಕ್ಕೆ ಹೋಗುವುದನ್ನು ನೋಡಬಹುದು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರೂ ಊರಿನವರೂ 2002ರಿಂದ ಮೊಟ್ಟೆಗಳನ್ನು ಕಾಯುತ್ತಾ ಬಂದಿದ್ದಾರೆ. ಮುಂಚೆ ಅದೇ ಮೊಟ್ಟೆ ಅಗೆದು ತಿನ್ನುತ್ತಿದ್ದ, ಮಾರುತ್ತಿದ್ದ ದಂಡೆ ಅದು. ಮೊಟ್ಟೆ ಇಟ್ಟು ಸುಮಾರು ಐವತ್ತು ದಿನಕ್ಕೆ ಮರಿ ಹೊರಬರುತ್ತೆ. ಬೆಳಿಗ್ಗೆ, ಸಂಜೆ ಮೊಟ್ಟೆ ಹೂತ ಜಾಗದ ಮೇಲೆ ಮುಚ್ಚಿಟ್ಟ ಬುಟ್ಟಿ ಎತ್ತಿ ನೋಡುತ್ತಾರೆ, ಕೆಲವು ದಿನ ಒಂದೂ ಇರುವುದಿಲ್ಲ. ಹಾಗಾದಾಗ ಬಂದವರು ಮುಖ ಸಪ್ಪೆ ಮಾಡಿಕೊಂಡು ಪುಣೆಗೆ ಹೊರಡುತ್ತಾರೆ. ಗಾಡಿಯಲ್ಲೇ ಮನೆ ಇದ್ದವರಿಗೆ ಆ ಕಷ್ಟ ಇಲ್ಲ, ನಾಳೆ ನೋಡಿದರಾಯಿತು. ಊರಿನ ಮನೆಗಳಲ್ಲಿ ಊಟ ಹೇಳಿ, ಆ ದುಡ್ಡು ಅವರಿಗೇ ಹೋಗಲಿ.

ಬೀಚಿನ ಪ್ರಶ್ನೆಗೆ ಉತ್ತರ, ಇಲ್ಲ. ಗೋವಾದಲ್ಲಿ ಮರಳಿನ ಮೇಲೆ ಗಾಡಿ ಇಳಿಸುವುದು ಅಪರಾಧ. ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಒಲೆ ಹಚ್ಚುವುದು, ಕುಡಿಯುವುದು ಕೂಡ ನಿಷೇಧ, 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ 2,000 ರೂಪಾಯಿ ದಂಡ ಇಟ್ಟಿದ್ದರು. ದಾರಿ ಪಕ್ಕದಲ್ಲಿ ಗುಂಪಾಗಿ ಅಡುಗೆ ಮಾಡಿ, ಎಲೆ ಬಾಟಲಿ ಬಿಟ್ಟು ಹೋದವರ ದೆಸೆಯಿಂದ ಬಂದ ನಿಯಮ, ನನಗೆ ಅದು ಸರಿ ಅನ್ನಿಸುತ್ತೆ. ಗಾಡಿಯ ಒಳಗೆ ಅಡುಗೆ ಮಾಡಿ, ದುಡ್ಡು ಕೊಟ್ಟು ಯಾರದ್ದಾದರೂ ಅಂಗಳದಲ್ಲಿ ನಿಲ್ಲಿ. ದಕ್ಷಿಣದ ಆಗೊಂದ, ಗಲ್ಜಿಬಾಗದಲ್ಲೂ ಆಮೆಗಳು ಮೊಟ್ಟೆ ಇಡುತ್ತವೆ, ಅಲ್ಲಿ ರಾತ್ರಿ ದಂಡೆಯ ಕಡೆಗೆ ಲೈಟು ಬಿಡಬೇಡಿ. ಗಲ್ಜಿಬಾಗ ದಾಟಿದರೆ ಪೋಳೆಂ, ಆಮೇಲೆ ನಿಮ್ಮ ಕಾರವಾರ ಬಂದೇ ಬಿಡ್ತು. ಸಮಯ ಇದ್ದರೆ ಒಳನಾಡಿನ ತಾಂಬ್ಡಿ ಸುರ್ಲಾ ಮಹಾದೇವ ದೇವಸ್ಥಾನಕ್ಕೂ ಹೋಗಿ. ಕಾಡಿನ ನಡುವೆ, ಹೊಳೆ ಪಕ್ಕದಲ್ಲಿ ಕದಂಬರ ಕಾಲದ ಕರಿಕಲ್ಲಿನ ಗುಡಿ. ಬನವಾಸಿ, ಹಲಸಿ ನೋಡಿದವರಿಗೆ ಅಲ್ಲಿ ಪರಿಚಯದ ಮುಖ ಕಂಡ ಹಾಗಾಗುತ್ತೆ.

ಪ್ರಶ್ನೆ: ಅಡುಗೆ? (ಓದುಗರು, ಮಡಗಾಂವ್)

ಮನೆಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಗಾಡಿಯಲ್ಲಿ ಮೂರು ಲೀಟರಿನ ಒಂದು ಕುಕ್ಕರ್, ಒಂದು ಬಾಣಲೆ. ತರಕಾರಿ ಅಲ್ಲಲ್ಲಿಯ ಸಂತೆಯಲ್ಲಿ. ನಿಮ್ಮ ಕಡೆ ಬಂದಾಗ ಮಾಪುಸಾದ ಶುಕ್ರವಾರದ ಸಂತೆ ತಪ್ಪಿಸುವುದಿಲ್ಲ. ಕುಚ್ಚಲಕ್ಕಿ, ಕೋಕಂ ಅಲ್ಲಿಂದಲೇ. ಮೀನು ಹುರಿಯುವುದಕ್ಕೆ ಮಾತ್ರ ಗಾಡಿ ಬೇಡ, ವಾಸನೆ ಹಾಸಿಗೆಗೆ ಹಿಡಿಯುತ್ತೆ, ಅದನ್ನು ಹೊರಗೆ ತಿನ್ನಿ.

ಪ್ರಶ್ನೆ: ಅಪ್ಪನಿಗೆ 70, ಶುಗರ್ ಇದೆ, ಇನ್ಸುಲಿನ್ ತಗೋತಾರೆ. ಅಮ್ಮನಿಗೆ 64. ನಿಮ್ಮ ಲೇಖನ ಓದಿ ಇಬ್ಬರೂ ಹೊರಟು ನಿಂತಿದ್ದಾರೆ. ತಡೆಯೋದು ಹೇಗೆ ಹೇಳಿ ಆಂಟಿ. (ಓದುಗರು, ಪೊವಾಯಿ)

ತಡೆಯಬೇಡಮ್ಮ. ಅವರ ಡಾಕ್ಟರನ್ನು ಒಮ್ಮೆ ಕೇಳಿ, ಅವರು ಹೂಂ ಅಂದರೆ ತಯಾರಿ ಮಾಡಿಸು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಫ್ರಿಜ್ಜಿನಲ್ಲಿ ಒಂದು ಸಣ್ಣ ಥರ್ಮಾಮೀಟರ್ ಇಡಿಸು. ಫ್ರಿಜ್ ಕೈ ಕೊಟ್ಟರೆ ಅಂತ ಇನ್ಸುಲಿನ್ ಇಡುವ ತಣ್ಣನೆಯ ಚೀಲವೂ ಜೊತೆಗಿರಲಿ. ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಇನ್ಸುಲಿನ್ ಪೆನ್ನು ಬಿಡದ ಹಾಗೆ ಅಪ್ಪನಿಗೆ ಹೇಳು. ಮಾತ್ರೆಗಳ ಪಟ್ಟಿಯನ್ನು ಔಷಧದ ಮೂಲ ಹೆಸರಿನ ಜೊತೆ ಬರೆದು, ಒಂದು ಅಪ್ಪನ ಜೇಬಿನಲ್ಲಿ, ಒಂದು ಗಾಡಿಯ ಬಾಗಿಲಿಗೆ ಅಂಟಿಸಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಸಂಜೆ ನಿಂತ ಜಾಗದಿಂದ ಫೋನಿನಲ್ಲಿ ಲೊಕೇಶನ್ ಕಳಿಸಲಿ. ದಿನಕ್ಕೆ ಒಂದು ಸಲ ಸಾಕು, ಗಂಟೆಗೊಮ್ಮೆ ಫೋನ್ ಮಾಡಿ ಕೇಳಬೇಡ. ಮೊದಲ ಸಲ ಮುಂಬಯಿಗೆ ಮೂರು ನಾಲ್ಕು ಗಂಟೆಯ ದೂರದಲ್ಲೇ ಇರಲಿ, ಯಾವಾಗ ಬೇಕಾದರೂ ನೀನು ಹೋಗಿ ಮುಟ್ಟುವ ಹಾಗೆ. ಶನಿವಾರ ನೀನೂ ಹೋಗಿ ಒಂದು ರಾತ್ರಿ ಅವರ ಜೊತೆ ಇದ್ದು ಬಾ. ನಿನ್ನ ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತೆ.

ಪ್ರಶ್ನೆ: ನಾವಿಬ್ಬರೂ ಹೀಗೆ ತಿರುಗಬೇಕು ಅಂದುಕೊಂಡಿದ್ದೆವು. ಹೋದ ವರ್ಷ ನಮ್ಮವರು ತೀರಿಕೊಂಡರು. ನನಗೆ ಡ್ರೈವಿಂಗ್ ಬರಲ್ಲ. ನನಗೆ ಇನ್ನು ಇದು ಆಗದ ಮಾತು ಅಲ್ವಾ? (ಓದುಗರು, ಸಾಂಗಲಿ)

ಅಕ್ಕಾ, ಆಗದ ಮಾತಲ್ಲ. ನಮ್ಮಲ್ಲಿ ಬಾಡಿಗೆಗೆ ಸಿಗುವ ಕ್ಯಾರವಾನುಗಳು ಬಹಳಷ್ಟು ಡ್ರೈವರ್ ಸಮೇತವೇ ಬರುತ್ತವೆ. ಡ್ರೈವರಿಗೆ ರಾತ್ರಿ ಮಲಗಲು ಬೇರೆ ಕೋಣೆ ಕೊಡುವ ಜಾಗದಲ್ಲಿ ಮಾತ್ರ ನಿಲ್ಲಬೇಕು, ಅದನ್ನು ಬುಕ್ ಮಾಡುವಾಗಲೇ ಮಾತಾಡಿಕೊಳ್ಳಿ. ತಂಗಿಯೋ, ಓರಗಿತ್ತಿಯೋ, ಹಳೇ ಗೆಳತಿಯೋ, ಮೂವರು ಹೆಂಗಸರು ಸೇರಿದರೆ ಖರ್ಚೂ ಹಂಚಿ ಹೋಗುತ್ತೆ, ಧೈರ್ಯವೂ ಬರುತ್ತೆ. ಖಿದ್ರಾಪುರ ಸಾಂಗಲಿಯಿಂದ ದೂರವೇನಿಲ್ಲ, ಮೊದಲ ಸಲಕ್ಕೆ ಅದೇ ಸರಿ. ಬೆಳಿಗ್ಗೆ ವಾಡಿಯಲ್ಲಿ ದತ್ತನ ದರ್ಶನ, ಸಂಜೆ ಕೋಪೇಶ್ವರ. ಟಾರ್ಚ್ ಒಯ್ಯಿರಿ. ಜನವರಿಯಲ್ಲಿ ನಾವು ಆ ಕಡೆಗೇ ಬರುವವರಿದ್ದೇವೆ, ಪತ್ರಿಕೆಯ ಕಚೇರಿಗೆ ನಿಮ್ಮ ಫೋನ್ ನಂಬರ್ ಕಳಿಸಿಕೊಡಿ, ದಿನ ಗೊತ್ತಾದ ಮೇಲೆ ನಾನೇ ಮಾತಾಡ್ತೀನಿ.